ನಲವತ್ತು ನಿಮಿಷದ ಬಿಲ್ಡ್

ಲಿಫ್ಟಿಗೆ ಪ್ರೋಗ್ರಾಂ ಬರೆಯುವವಳಿಗೆ ಲಿಫ್ಟ್ ಹತ್ತಲು ಹೆದರಿಕೆ. ಕಂಪನಿಯಲ್ಲಿ ಇದು ಎಲ್ಲರ ಬಾಯಲ್ಲೂ ಇದ್ದ ತಮಾಷೆ. ಅಲ್ಲಿನ ಕಟ್ಟಳೆಯೋ ಖಡಾಖಂಡಿತ: ಪ್ರೋಗ್ರಾಂ ಯಾರದೋ, ಪರೀಕ್ಷೆಯ ಲಿಫ್ಟಿನಲ್ಲಿ ಮೊದಲು ಇಳಿಯಬೇಕಾದವರೂ ಅವರೇ. ಅವಳ ಸರದಿ ಬಂದಾಗಲೆಲ್ಲ ಗಂಡ ಇಳಿಯುತ್ತಿದ್ದ. ಅವನು ಅಲ್ಲೇ ಮೆಕ್ಯಾನಿಕ್.

ಆ ಬೆಳಿಗ್ಗೆಯೂ ಅವನು ಏಳನೇ ಮಹಡಿಯಲ್ಲಿ ಲಿಫ್ಟಿನೊಳಗೆ ನಿಂತಿದ್ದ. ಅವಳು ಕೆಳಗೆ ಕಂಟ್ರೋಲ್ ರೂಮಿನಲ್ಲಿ. ಪಕ್ಕದಲ್ಲಿ ಹಿರಿಯ ಎಂಜಿನಿಯರ್, ಎಲ್ಲರ ಬಾಯಲ್ಲಿ ಅಜ್ಜ. ಬರೆದ ಪ್ರೋಗ್ರಾಮನ್ನು ಲಿಫ್ಟಿಗೆ ಹಾಕಲು ಸಿದ್ಧಮಾಡುವ ಅಜ್ಜನ ಹಳೆಯ ಬಿಲ್ಡ್ ಟೂಲ್ ಪ್ರತಿ ಸಲವೂ ಎಲ್ಲ ಫೈಲುಗಳನ್ನೂ ಮೊದಲಿನಿಂದ ಯಂತ್ರದ ಭಾಷೆಗೆ ಕಂಪೈಲ್ ಮಾಡುತ್ತ ನಲವತ್ತು ನಿಮಿಷ ತಲೆ ತಿನ್ನುತ್ತಿತ್ತು. ಅವಳು ಹಟ ಹಿಡಿದು ತಂದ ಹೊಸ ಟೂಲಿಗೆ ಎರಡೇ ನಿಮಿಷ. ಬದಲಾವಣೆ ತಟ್ಟುವ ಫೈಲುಗಳನ್ನಷ್ಟೇ ಅದು ಮುಟ್ಟುತ್ತಿತ್ತು. ಏನು ಬದಲಾದರೆ ಯಾವುದಕ್ಕೆ ತಟ್ಟುತ್ತದೆ ಎಂಬ ಪಟ್ಟಿಯನ್ನು ಅವಳೇ ಕೂತು ಬರೆದಿದ್ದಳು. ಇವತ್ತು ಗೆದ್ದರೆ ಹಳೆಯದಕ್ಕೆ ಎಳ್ಳುನೀರು ಬಿಡೋಣ ಎಂದು ಮ್ಯಾನೇಜರ್ ಹೇಳಿಯಾಗಿತ್ತು. ಅವರೂ ಹಿಂದೆಯೇ ನಿಂತಿದ್ದರು.

ಹೊಸ ಲಿಫ್ಟ್ ಹೆಚ್ಚು ಭಾರ. ನೆಲಕ್ಕೆ ಎರಡು ಮೀಟರ್ ಇರುವಾಗ ಹಿಡಿಯುತ್ತಿದ್ದ ಬ್ರೇಕ್ ಇನ್ನು ನಾಲ್ಕು ಮೀಟರ್ ಇರುವಾಗಲೇ ಹಿಡಿಯಬೇಕು. ಅವಳು ಬದಲಾಯಿಸಿದ್ದು ಆ ಒಂದು ಅಂಕಿಯನ್ನು.

"ಹೊರಟೆ ಕಣೇ," ಎಂದ ಗಂಡ ಫೋನಿನಲ್ಲಿ.

"ಎಷ್ಟು ಫೈಲ್ ಕಂಪೈಲ್ ಆಯ್ತಮ್ಮಾ?" ಅಜ್ಜ ಸುಮ್ಮನೆ ಕೇಳಿದರು.

"ಮೂರೇ ಮೂರು," ಎಂದು ಬೀಗುತ್ತ ಪರದೆ ನೋಡಿದಳು. ವೇಗದ್ದು, ಮೋಟಾರಿನದು, ಮಹಡಿ ಎಣಿಸುವುದು. ಬ್ರೇಕಿನದು ಇರಲಿಲ್ಲ.

ಪಟ್ಟಿಯಲ್ಲಿ ಅದನ್ನು ಬರೆಯಲು ಮರೆತಿದ್ದಳು. ಬ್ರೇಕಿಗೆ ಗೊತ್ತಿದ್ದದ್ದು ಇನ್ನೂ ಹಳೆಯ ಎರಡು ಮೀಟರ್. ಐದನೇ ಮಹಡಿ. ನಾಲ್ಕು. ಲಿಫ್ಟನ್ನು ಇದ್ದಲ್ಲೇ ನಿಲ್ಲಿಸುವ ಕೆಂಪು ಗುಂಡಿ ಒತ್ತಿದರೆ ಮ್ಯಾನೇಜರ್ ಮುಂದೆ ಮರ್ಯಾದೆ ಹೋಗುತ್ತದೆ ಎಂಬ ಯೋಚನೆ ಆಗಲೂ ಬಂತು. ತನ್ನ ಬಗ್ಗೆಯೇ ಅವಳಿಗೆ ಭಯವಾಯಿತು. ಮೂರು. ಎರಡೂ ಕೈಯಿಂದ ಗುಂಡಿ ಅದುಮಿದಳು.

ಲಿಫ್ಟ್ ಎರಡು ಮಹಡಿಗಳ ನಡುವೆ ಕಿರ್ರೆಂದು ನಿಂತಿತು. ಅವಳು ಮೆಟ್ಟಿಲು ಹತ್ತಿ ಓಡಿ ಬಾಗಿಲು ಬಡಿದಳು. "ರೀ! ಇದೀರಾ?"

"ಇಲ್ದೆ ಎಲ್ಲಿಗ್ ಹೋಗ್ಲಿ? ಏನಾಯ್ತೇ?"

ಹೇಳಿದಳು. ನಡುವೆ ಸಿಕ್ಕಿದ ಲಿಫ್ಟನ್ನು ಕೈಯಿಂದ ಇಳಿಸಬಲ್ಲ ಒಬ್ಬನೇ ಮೆಕ್ಯಾನಿಕ್ ಒಳಗಿದ್ದ. ಇನ್ನೊಮ್ಮೆ ಬಿಲ್ಡ್ ಮಾಡಿಯೇ ಇಳಿಸಬೇಕಿತ್ತು.

"ಯಾವುದರಲ್ಲಿ ಮಾಡ್ಲಮ್ಮಾ?" ಕೆಳಗಿನಿಂದ ಅಜ್ಜ ಕೂಗಿದರು. "ಪಟ್ಟಿ ಸರಿಮಾಡಿದ್ರೆ ನಿನ್ನದೇ ಎರಡು ನಿಮಿಷ."

ಮರೆತದ್ದು ಅದೊಂದೇ ಎಂದು ಹೇಳುವವರು ಯಾರು? "ನಿಮ್ಮದ್ರಲ್ಲೇ ಮಾಡಿ ಅಜ್ಜಾ," ಎಂದಳು. ಬಾಗಿಲಿಗೆ ತಲೆ ಆನಿಸಿದಳು. "ನಲವತ್ತು ನಿಮಿಷ ಆಗುತ್ತೆ ರೀ. ನಾನು ಕೆಳಗೆ ಹೋಗಿ ನೋಡ್ಕೊಳ್ಲಾ?"

"ಬೇಡ, ಇಲ್ಲೇ ಇರು." ಒಳಗಿನ ದನಿ ನಡುಗುತ್ತಿತ್ತು. "ನಂಗೂ ಲಿಫ್ಟ್ ಅಂದ್ರೆ ಭಯ ಕಣೇ. ಮೊದಲಿಂದ್ಲೂ."