ತುತ್ತು ತಿಂದ ಕಾಗೆ

ಹಡಗಿನಲ್ಲಿ ಉಳಿದದ್ದು ಒಂದೇ ಕಾಗೆ. ನಾರ್ವೆಯ ದಡ ಬಿಡುವಾಗ ಎರಡಿದ್ದವು. ಬಿರುಗಾಳಿಯ ದಿನ ಒಂದು ಪಂಜರದಲ್ಲೇ ಸತ್ತಿತ್ತು. ಈಗ ಮಂಜಿನಲ್ಲಿ ದಿಕ್ಕು ತಪ್ಪಿ ಹತ್ತು ದಿನ. ಇಪ್ಪತ್ತು ಜನರ ಜೀವ ಈ ಹಕ್ಕಿಯನ್ನು ನೆಚ್ಚಿ ಕೂತಿತ್ತು. ಹಸಿದ ಕಾಗೆಯನ್ನು ಹಾರಿಬಿಟ್ಟರೆ ನೆಲ ಕಂಡತ್ತ ಹೋಗುತ್ತದೆ, ಕಾಣದಿದ್ದರೆ ಹಡಗಿಗೇ ಮರಳುತ್ತದೆ. ಅದಕ್ಕೇ ಹಡಗಿನ ಯಜಮಾನ ಹಾಲ್ವಾರ್ಡ್, ಮೂರು ದಿನ ಅದಕ್ಕೆ ಒಂದು ಚೂರೂ ಹಾಕಕೂಡದೆಂದು ಕಟ್ಟಪ್ಪಣೆ ಮಾಡಿದ್ದ.

ಅವನ ಸತ್ತ ತಮ್ಮನ ಹೆಂಡತಿ ಯೋರುನ್‌ಗೆ ಅದು ಮಹಾಪಾಪವೆನಿಸಿತು. ಓಡಿನ್ ದೇವರ ಹೆಗಲ ಮೇಲೆ ಕೂರುವ ಹಕ್ಕಿಯನ್ನು ಉಪವಾಸ ಕೆಡವುವುದೇ? ದೇವರ ಎರಡು ಕಾಗೆಗಳು ದಿನವೂ ಲೋಕ ಸುತ್ತಿ ಬಂದು ಅವನ ಕಿವಿಯಲ್ಲಿ ಸುದ್ದಿ ಹೇಳುತ್ತವೆ. ಒಂದರ ಹೆಸರು ಯೋಚನೆ, ಇನ್ನೊಂದರದು ನೆನಪು. ನೆನಪು ಎಲ್ಲಿ ತಿರುಗಿ ಬರುವುದಿಲ್ಲವೋ ಎಂದು ಓಡಿನ್‌ಗೇ ದಿಗಿಲಂತೆ. ಅವಳ ಮಡಿಲಲ್ಲಿ ನಾಲ್ಕು ವರ್ಷದ ಮಗಳು ಆಸಾ ಜ್ವರದಲ್ಲಿ ಸುಡುತ್ತಿದ್ದಳು. ಪೀಪಾಯಿಯ ನೀರು ತಳ ಕಂಡಿತ್ತು.

ಮೂರು ದಿನವೂ ಬೆಳಿಗ್ಗೆ, ಎಲ್ಲರೂ ಹುಟ್ಟು ಹಾಕುವಾಗ, ಅವಳು ಒಣಮೀನಿನ ಚೂರನ್ನು ತನ್ನ ಪಾಲಿನ ನೀರಲ್ಲಿ ನೆನೆಸಿ ಪಂಜರದೊಳಗೆ ತೂರಿಸಿದಳು. "ತಿನ್ನಪ್ಪ, ತಿಂದು ಆ ದೊಡ್ಡ ದೇವರಿಗೆ ಹೇಳು. ನನ್ನ ಮಗೂನ ಮಾತ್ರ ಉಳಿಸು ಅಂತ ಹೇಳು" ಎಂದು ಬೇಡಿಕೊಂಡಳು.

ನಾಲ್ಕನೆಯ ದಿನ ಮಂಜು ತೆಳುವಾಯಿತು. ಹಾಲ್ವಾರ್ಡ್ ಪಂಜರ ತೆರೆದ.

"ಥೋರ್ ದೇವರ ಮೇಕೆ ಇದ್ದಿದ್ರೆ ರಾತ್ರಿ ಕೊಯ್ದು ತಿನ್ನಬಹುದಿತ್ತು, ಬೆಳಿಗ್ಗೆ ಮತ್ತೆ ಜೀವ ಬಂದು ಎದ್ದು ನಿಂತಿರೋದು" ಎಂದ ಚುಕ್ಕಾಣಿಯ ಸ್ಕೆಗ್ಗಿ. "ನಮ್ಮ ಹಣೆಬರಹಕ್ಕೆ ಕಾಗೆ!"

"ಬಾಯಿ ಮುಚ್ಕೊಂಡು ಮೇಲೆ ನೋಡೋ" ಎಂದ ಹಾಲ್ವಾರ್ಡ್.

ಕಾಗೆ ಮೇಲೇರಿತು, ಮೂರು ಸುತ್ತು ಹೊಡೆಯಿತು. ಸರ್ರನೆ ಇಳಿದು ಬಂದು ಯೋರುನ್‌ಳ ಹೆಗಲ ಮೇಲೆ ಕೂತಿತು.

"ಅಲ್ನೋಡು, ಹೆಂಗಸರ ಹೆಗಲು ಬೆಚ್ಚಗಿರುತ್ತೆ ಅಂತ ಇದಕ್ಕೂ ಗೊತ್ತು" ಎಂದ ಸ್ಕೆಗ್ಗಿ.

"ಇಲ್ಲೆಲ್ಲೂ ನೆಲ ಇಲ್ಲ" ಎಂದ ಹಾಲ್ವಾರ್ಡ್, ಸೋತ ದನಿಯಲ್ಲಿ. "ದಕ್ಷಿಣಕ್ಕೆ ತಿರುಗಿಸ್ರೋ."

ಯೋರುನ್‌ಳ ಕಣ್ಣು ತುಂಬಿ ಬಂತು, ಸಂತೋಷಕ್ಕೆ. ನೆನಪು ತಿರುಗಿ ಬಂದಿದೆ, ಅದೂ ತನ್ನ ಹೆಗಲಿಗೆ! ದೇವರು ಕೇಳಿಸಿಕೊಂಡ, ಮಗು ಉಳಿಯಿತು ಎಂದುಕೊಂಡಳು. ಹಕ್ಕಿ ಅವಳ ಬಟ್ಟೆಯ ಮಡಿಕೆಯನ್ನು ಕುಕ್ಕಿ ಮೀನು ಹುಡುಕುತ್ತಿತ್ತು. ಪಾಪ, ಅದು ಅವಳ ಕಣ್ಣಿಗೆ ಬೀಳಲಿಲ್ಲ.

ಹರಕೆ ತೀರಿತೆಂದು ಅವಳು ಮತ್ತೆ ಅದಕ್ಕೆ ಏನೂ ಹಾಕಲಿಲ್ಲ. ಗಾಳಿಯಿರಲಿಲ್ಲ. ಬತ್ತಿದ ತೋಳುಗಳು ಹಗಲೂ ರಾತ್ರಿ ಹುಟ್ಟು ಹಾಕಿದವು. ಮರುದಿನ ಬೆಳಿಗ್ಗೆ ಆಸಾ "ಅಮ್ಮ, ನೀರು" ಎಂದಳು. ಪೀಪಾಯಿ ಬೋರಲು ಹಾಕಿದರೂ ಹನಿ ಬೀಳಲಿಲ್ಲ. ಬಿಸಿಲೇರುವ ಹೊತ್ತಿಗೆ ಮಗು ಹೋಗಿಬಿಟ್ಟಿತು.

ಪಂಜರಕ್ಕೆ ಮತ್ತೆ ಹಾಕದ ಕಾಗೆ ಕುಪ್ಪಳಿಸುತ್ತ ಬಂದು ಆಸಾಳ ತಲೆಯ ಬಳಿ ನಿಂತು, ತೆರೆದ ಕಣ್ಣುಗಳನ್ನೇ ನೋಡತೊಡಗಿತು. ಯೋರುನ್ ಕಿರುಚಿಕೊಂಡು ಹುಟ್ಟು ಬೀಸಿದಳು. ಹಕ್ಕಿ ಮೇಲೇರಿ, ಒಂದೇ ಸುತ್ತು ಹಾಕಿ, ಉತ್ತರಕ್ಕೆ ನೆಟ್ಟಗೆ ಹಾರಿತು. ಮತ್ತೆ ಬರಲಿಲ್ಲ.

"ಅತ್ಲಾಗೆ ನೆಲ ಇದೆ!" ಎಂದು ಕೂಗಿದ ಹಾಲ್ವಾರ್ಡ್. ಆಮೇಲೆ ಅವನ ಮುಖ ಬಾಡಿತು. "ನಾವು ಬೆನ್ನು ಹಾಕಿ ಬಂದ ಕಡೇನೇ ಅಲ್ವೇನೋ ಅದು? ಹಾಳಾದ್ದು, ನಿನ್ನೆ ಯಾಕೆ ಹೋಗ್ಲಿಲ್ಲ?"

"ಹೊಟ್ಟೆ ತುಂಬಿತ್ತು, ಭಾವ" ಎಂದಳು ಯೋರುನ್. "ನಾನೇ ತಿನ್ನಿಸಿದ್ದೆ. ಮೂರು ದಿನಾನೂ."

ಸ್ಕೆಗ್ಗಿ ಕೊಡಲಿಗೆ ಕೈ ಹಾಕಿದ. ಹಾಲ್ವಾರ್ಡ್ ಅವನ ಕೈ ಹಿಡಿದ.

"ಬಿಡೋ. ಅವಳಿಗೆ ಇನ್ನೇನ್ ಮಾಡ್ತೀಯ ನೀನು?"

ಹಡಗನ್ನು ಉತ್ತರಕ್ಕೆ ತಿರುಗಿಸಿದರು. ಮರುದಿನ ಮಧ್ಯಾಹ್ನ ಮಂಜಿನೊಳಗಿಂದ ಕಪ್ಪು ಬಂಡೆ ಎದ್ದಿತು. ಬಂಡೆಯ ಬುಡದಲ್ಲಿ ತೊರೆ ಹರಿಯುತ್ತಿತ್ತು. ಗಂಡಸರು ಬಿದ್ದು ಎದ್ದು ಓಡಿ, ಬೋರಲಾಗಿ ಮಲಗಿ ಕುಡಿದರು. ಯೋರುನ್ ಮಗುವನ್ನು ದಡದಲ್ಲಿ ಮಲಗಿಸಿ, ಬೊಗಸೆಯಲ್ಲಿ ನೀರು ತಂದು ಅದರ ಬಾಯಿಗೆ ಹಾಕಿದಳು. ನೀರು ಕೆನ್ನೆಯ ಮೇಲಿಂದ ಹರಿದು ಹೋಯಿತು. ಅವಳು ಎದ್ದು ಮತ್ತೊಂದು ಬೊಗಸೆ ತಂದಳು.