ಕ್ರೆಸ್ತೆಯ ಉಂಡೆ

"ನನ್ನ ಉಂಡೆಗೆ ಈ ಸಲ ನಾಲ್ಕು ಸುತ್ತು ಜಾಸ್ತಿ ಹಾಕಿದೀನಿ ಅಮ್ಮಾವ್ರೆ. ಹೋದ ವರ್ಷಕ್ಕಿಂತ ನಾನೇ ದಪ್ಪ ಆಗಿದೀನಲ್ಲ, ದೇವರಿಗೆ ತೂಕದಲ್ಲಿ ಮೋಸ ಮಾಡಬಾರದು ನೋಡಿ," ಎಂದು ಕ್ರೆಸ್ತೆ ಉಣ್ಣೆಯ ಉಂಡೆಯನ್ನು ಅಂಗೈ ಮೇಲೆ ತೂಗಿ ತೋರಿಸಿ ನಕ್ಕಳು.

ಹೆಲ್ವಿಯಾ ತಲೆ ಎತ್ತಲಿಲ್ಲ. ಅವಳ ತೊಡೆಯ ಮೇಲೆ ಮಗ ಡೆಸಿಮಸ್‌ನ ಗೊಂಬೆ ಅರ್ಧ ಆಗಿತ್ತು. ಎರಡು ಕೈ ಬಂದಿದ್ದವು, ಕಾಲು ಬರಬೇಕಿತ್ತು. ನಾಳೆ ಕೂಡುದಾರಿ ಹಬ್ಬ, ದಾರಿಗಳು ಕೂಡುವಲ್ಲಿ ಕಾಯುವ ದೇವರುಗಳದು. ರೋಮ್ ಊರಿನ ಯಾವ ಓಣಿಗೆ ಹೋದರೂ ಆ ಹೊತ್ತಿಗೆ ಹೆಂಗಸರು ಹೀಗೇ ಉಣ್ಣೆ ಹರವಿಕೊಂಡು ಕೂತಿರುತ್ತಿದ್ದರು. ಮನೆಯ ಸ್ವತಂತ್ರರಿಗೆ ತಲೆ, ಕೈ, ಕಾಲು ಇರುವ ಗೊಂಬೆ. ಕೊಂಡು ತಂದ ಆಳುಗಳಿಗೆ ಬರೀ ಉಂಡೆ. ಕತ್ತಲಾಗುವ ಮುಂಚೆ ಓಣಿಯ ಕೊನೆಯ ಗುಡಿಗೆ ತೂಗುಹಾಕಿ ಬಂದರಾಯಿತು. ರಾತ್ರಿ ತಿರುಗುವ ದೇವರುಗಳು ಉಣ್ಣೆಯನ್ನು ಎಣಿಸಿಕೊಂಡು, ಉಸಿರಾಡುವವರ ತಂಟೆಗೆ ಬಾರದೆ ಮುಂದೆ ಹೋಗುತ್ತಾರೆ.

"ಒಂದು ಮಾತು ಕೇಳ್ಲಾ?" ಕ್ರೆಸ್ತೆ ಇನ್ನೊಂದು ಉಂಡೆಗೆ ಕೈ ಹಾಕಿದಳು. ಅದು ಹಣತೆ ಸುಡುವ ಆವಿಗೆಗೆ ಉರಿ ಹಾಕುವ ಆಳು ದಾವೋಸನದು. "ಉಂಡೆಗೆ ಕಣ್ಣಿಲ್ಲ ಮೂಗಿಲ್ಲ. ಇದು ನಾನು, ಇದು ದಾವೋಸ ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ? ಅವನ ಬದಲು ನನ್ನ ಹಿಡ್ಕೊಂಡು ಹೋದ್ರೆ ಕುಡುಕನ ಲೆಕ್ಕಕ್ಕೆ ನಾನು ಸೇರ್ತೀನಿ."

"ಸುಮ್ನೆ ಸುತ್ತೇ. ಹಬ್ಬದ ಹಿಂದಿನ ದಿನ ಏನೇನೋ ಆಡಬೇಡ."

"ಆಡೋದಕ್ಕೂ ರಜೆ ಕೊಡಲ್ವಲ್ಲ ನೀವು!"

ಕ್ರೆಸ್ತೆ ಈ ಮನೆಗೆ ಬಂದದ್ದು ಹೆಲ್ವಿಯಾ ಮದುವೆಯಾಗಿ ಬಂದ ವರ್ಷವೇ. ಹಣತೆ ಮಾಡುವ ಗವಿಯಸ್ ಹೆಂಡತಿಯನ್ನು ಕೈಹಿಡಿದು ತಂದ, ಅಡುಗೆಗೆಂದು ಇವಳನ್ನು ಸಂತೆಯಿಂದ ತಂದ. ಇಬ್ಬರಿಗೂ ಆಗ ಇದ್ದಿಲು ಒಲೆ ಹಚ್ಚಲು ಬರುತ್ತಿರಲಿಲ್ಲ. ಅತ್ತೆಯಿಂದ ಇಬ್ಬರೂ ಒಂದೇ ಸೌಟಿನಲ್ಲಿ ಪೆಟ್ಟು ತಿಂದವರು. ಹೆಲ್ವಿಯಾ ಹೆತ್ತಾಗ ಬೆನ್ನಿಗೆ ನಿಂತು ಹಿಡಿದವಳು ಕ್ರೆಸ್ತೆ. ಹೆತ್ತ ಮೂರರಲ್ಲಿ ಎರಡನ್ನು ಕಳೆದುಕೊಂಡಾಗ ಬಾಯಿಗೆ ತುತ್ತು ಇಟ್ಟವಳೂ ಅವಳೇ. ಈಗ ಹೆಲ್ವಿಯಾಳ ನೆರೆಗೂದಲಿನಲ್ಲಿ ಎಲ್ಲಿ ಸಿಕ್ಕು ಬೀಳುತ್ತದೆ, ಯಾವ ಮಂಡಿ ಚಳಿಗೆ ಹಿಡಿಯುತ್ತದೆ ಎಂದು ಬಲ್ಲ ಇನ್ನೊಂದು ಜೀವ ಭೂಮಿಯ ಮೇಲೆ ಇರಲಿಲ್ಲ.

ತಪ್ಪು ನಡೆದದ್ದೂ ಅದಕ್ಕೇ.

ಹೋದ ವರ್ಷವಲ್ಲ, ಅದರ ಹಿಂದಿನ ವರ್ಷ, ದ್ರಾಕ್ಷಿ ತುಳಿಯುವ ಕಾಲದಲ್ಲಿ ಗವಿಯಸ್ ಜ್ವರ ಹಿಡಿದು ಮಲಗಿದ. ಬೆಚ್ಚಗಿರಲಿ ಎಂದು ಒಲೆಯ ಪಕ್ಕದಲ್ಲೇ ಹಾಸಿಗೆ. ಒಲೆಯ ಮೇಲೆ ಗೋಡೆಯ ಗೂಡಿನಲ್ಲಿ ಮನೆ ಕಾಯುವ ಲಾರ್ ದೇವರು: ಕುಡಿಯುವ ಕೊಂಬನ್ನು ಎತ್ತಿ ಹಿಡಿದು ಕುಣಿಯುವ ಹುಡುಗ, ಹೊಗೆಗೆ ಕಪ್ಪಾದ ಮುಖ, ಆದರೂ ನಗುತ್ತಿರುವ ಬಾಯಿ. ಒಂದು ಬೆಳಿಗ್ಗೆ ಹೆಲ್ವಿಯಾ ಎಂದಿನಂತೆ ತಲೆಯ ಮೇಲೆ ಸೆರಗೆಳೆದುಕೊಂಡು ಉಪ್ಪು, ಹಿಟ್ಟು ಒಪ್ಪಿಸಿ ಧೂಪ ಹಾಕುತ್ತಿದ್ದಳು. ಗವಿಯಸ್ ಮಲಗಿದಲ್ಲಿಂದಲೇ ಗೂಡಿನ ಕಡೆ ಕೈ ಚಾಚಿದ. "ಕ್ರೆಸ್ತೆನ ಬಿಟ್ಬಿಡಿ. ತನ್ನ ಮಗಳ ಹತ್ರ ಹೋಗಿರಲಿ. ಇವನ ಮುಂದೆ ಹೇಳ್ತಿದೀನಿ. ಡೆಸಿಮಸ್ ಬಂದ ಕೂಡಲೇ ಹೇಳು."

ಡೆಸಿಮಸ್ ಹಣತೆ ತುಂಬಿದ ದೋಣಿಯ ಜೊತೆ ಓಸ್ತಿಯಾ ಬಂದರಿಗೆ ಹೋಗಿದ್ದ. ಬರುವಷ್ಟರಲ್ಲಿ ಅಪ್ಪನ ಮಾತು ನಿಂತಿತ್ತು. "ಅಪ್ಪ ನನಗೇನಾದ್ರೂ ಹೇಳಿದ್ರಾ ಅಮ್ಮ?" ಎಂದು ಕೇಳಿದ. ಆಗ ಕ್ರೆಸ್ತೆ ಹೆಲ್ವಿಯಾಳ ಪಾದ ತಿಕ್ಕುತ್ತಾ ಕೂತಿದ್ದಳು. ಆ ಬಿಸಿ ಕೈ ಇನ್ನೂ ಪಾದದ ಮೇಲಿರುವಾಗಲೇ ಹೆಲ್ವಿಯಾ "ಇಲ್ಲ ಕಣೋ" ಎಂದುಬಿಟ್ಟಳು.

ಆಮೇಲೆ ಹೇಳಿದರಾಯಿತು ಎಂದುಕೊಂಡಿದ್ದಳು. ಆಮೇಲೆ ಎನ್ನುವುದು ಹೆಣ ಎತ್ತಿದ ಮೇಲಾಯಿತು, ಚಳಿ ಕಳೆದ ಮೇಲಾಯಿತು. ಈ ಬೇಸಿಗೆಯಲ್ಲಿ ಕ್ರೆಸ್ತೆಯ ಮಗಳು ಹಿಲಾರಾಗೆ ಹೆರಿಗೆ ಕಷ್ಟವಾಗಿದೆ ಎಂದು ಓಸ್ತಿಯಾದಿಂದ ದೋಣಿಯವನೊಬ್ಬ ಸುದ್ದಿ ತಂದ. ಹಿಲಾರಾಳನ್ನು ಗವಿಯಸ್ ಬದುಕಿದ್ದಾಗಲೇ ಬಿಡುಗಡೆ ಮಾಡಿ ಹಾಯಿ ಹೊಲಿಯುವವನಿಗೆ ಮದುವೆ ಮಾಡಿ ಕೊಟ್ಟಿದ್ದ. ಹೆಲ್ವಿಯಾಗೆ ಮಂಡಿ ನೋವು ಜೋರಾಗಿತ್ತು. "ನಾಳಿದ್ದು ಹೋಗುವೆಯಂತೆ," ಎಂದಳು. ಕ್ರೆಸ್ತೆ ಎಣ್ಣೆ ಕಾಯಿಸಿ ಮಂಡಿಗೆ ಕಟ್ಟಿದಳು, ನಾಳಿದ್ದು ಹೋದಳು. ಹೋಗುವಷ್ಟರಲ್ಲಿ ಕೂಸನ್ನು ರೂಢಿಯಂತೆ ಮನೆಯ ಸೂರಿನ ಕೆಳಗೆ ಹೂತಾಗಿತ್ತು. ತಿರುಗಿ ಬಂದವಳು ಕೈಕಾಲು ತೊಳೆದು ಸೊಪ್ಪು ಸೋಸಲು ಕೂತಳು.

ಹೆಲ್ವಿಯಾಗೆ ಎಲ್ಲಕ್ಕಿಂತ ಕಷ್ಟವಾಗುತ್ತಿದ್ದುದು ಊಟದ ಹೊತ್ತು. ತಟ್ಟೆಗೆ ಕೈ ಹಾಕುವ ಮೊದಲು ದೇವರ ಪಾಲನ್ನು ಒಲೆಗೆ ಹಾಕಬೇಕು. ಅದು ಉರಿಯುವಾಗ ಯಾರೂ ಉಸಿರೆತ್ತಬಾರದು. ಪಾಲು ಹಾಕಿದವರು ತಿರುಗಿ ನಿಂತು "ದೇವರು ಪ್ರಸನ್ನರಾಗಿದ್ದಾರೆ" ಎಂದ ಮೇಲೆಯೇ ಊಟ. ಗವಿಯಸ್ ಹೋದ ಮೇಲೆ ಆ ಕೆಲಸ ಕ್ರೆಸ್ತೆಯ ಪಾಲಿಗೆ ಬಂದಿತ್ತು. ದಿನಾ ಸಂಜೆ ಅವಳು ಕೈ ಒರೆಸಿಕೊಂಡು, ದೊಡ್ಡ ದನಿಯಲ್ಲಿ, ಮೊದಲು ಗೂಡಿನ ಕಡೆ ಆಮೇಲೆ ಹೆಲ್ವಿಯಾ ಕಡೆ ನೋಡಿ ಆ ಮಾತು ಹೇಳುತ್ತಿದ್ದಳು. ಹೆಲ್ವಿಯಾಗೆ ತುತ್ತು ಇಳಿಯುತ್ತಿರಲಿಲ್ಲ. "ಹಲ್ಲು ನೋವು," ಎನ್ನುತ್ತಿದ್ದಳು. ಕ್ರೆಸ್ತೆ ಅವಳಿಗೆಂದು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಡಲು ಶುರು ಮಾಡಿದ್ದಳು.

"ಮುಗೀತು," ಎಂದು ಕ್ರೆಸ್ತೆ ಎರಡೂ ಉಂಡೆಗಳನ್ನು ಬುಟ್ಟಿಗೆ ಹಾಕಿದಳು. "ನಾನು ನೀರಿಗೆ ಹೋಗಿ ಬರ್ತೀನಿ. ಡೆಸಿಮಸ್‌ನ ಗೊಂಬೆಗೆ ಹೊಟ್ಟೆ ಸ್ವಲ್ಪ ಜಾಸ್ತಿ ಇಡಿ, ದೇವರು ಗುರುತು ಹಿಡೀಲಿ."

ಅವಳ ಹೆಜ್ಜೆ ಸದ್ದು ಹೊಸ್ತಿಲು ದಾಟಿತು. ಬುಟ್ಟಿಯ ತಳದಲ್ಲಿ ಇನ್ನೂ ಒಂದು ಹಿಡಿ ಉಣ್ಣೆ ಉಳಿದಿತ್ತು. ಹೆಲ್ವಿಯಾ ಅದನ್ನೇ ನೋಡುತ್ತಾ ಕೂತಳು. ಅವಳಿಗೊಂದು ಉಪಾಯ ಹೊಳೆಯಿತು. ಗವಿಯಸ್ ಹೇಳಿದ್ದು ದೇವರ ಮುಂದೆ. ಹಾಗಾದರೆ ತೀರಿಸಬೇಕಾದದ್ದೂ ದೇವರಿಗೇ. ಕ್ರೆಸ್ತೆಗೆ ಒಂದು ಗೊಂಬೆ ಕಟ್ಟಿ ಉಳಿದವುಗಳ ನಡುವೆ ತೂಗುಹಾಕಿದರೆ ದೇವರುಗಳು ಅವಳನ್ನು ಬಿಡುಗಡೆಯಾದವಳೆಂದೇ ಎಣಿಸಿಕೊಳ್ಳುತ್ತಾರೆ. ಅವರ ಕಡೆಯ ಋಣ ಹರಿಯಿತು. ಮನುಷ್ಯರಿಗೆ ಹೇಳುವುದು ನಿಧಾನವಾಗಿ ಆಗಲಿ. ಮಂಡಿ ಒಂದಿಷ್ಟು ಸರಿಹೋಗಲಿ.

ಬೇಗ ಬೇಗ ಕಟ್ಟಿದಳು. ತಲೆಗೆ ಗಂಟು, ಸೊಂಟಕ್ಕೆ ಗಂಟು. ಕೈ ತಾನಾಗಿಯೇ ಚಿಂದಿ ಬುಟ್ಟಿಗೆ ಹೋಗಿ ಒಂದು ನೀಲಿ ಎಳೆ ತಂದು ತಲೆಗೆ ಸುತ್ತಿತು. ಕ್ರೆಸ್ತೆ ಯಾವಾಗಲೂ ನೀಲಿ ತಲೆವಸ್ತ್ರವನ್ನೇ ಕಟ್ಟುತ್ತಿದ್ದುದು. ಅವಳು ಸುತ್ತಿಟ್ಟ ಉಂಡೆಯನ್ನು ತೆಗೆದು ಹೆಲ್ವಿಯಾ ತನ್ನ ನೂಲಿನ ಪೆಟ್ಟಿಗೆಯೊಳಗೆ ಹಾಕಿದಳು. ಒಬ್ಬಳಿಗೇ ಗೊಂಬೆಯೂ ಉಂಡೆಯೂ ಎಂದರೆ ಲೆಕ್ಕ ತಪ್ಪುತ್ತದಲ್ಲ. ದೀಪ ಹಚ್ಚುವ ಹೊತ್ತಿಗೆ ಕುಂಟುತ್ತಾ ತಾನೇ ಗುಡಿಗೆ ಹೋಗಿ ಕಟ್ಟಿ ಬಂದಳು. ಆ ರಾತ್ರಿ ಎಷ್ಟೋ ದಿನಗಳ ಮೇಲೆ ಒಳ್ಳೆಯ ನಿದ್ದೆ ಬಂತು.

ಬೆಳಿಗ್ಗೆ ಓಣಿಗೆ ಓಣಿಯೇ ಗುಡಿಯ ಮುಂದೆ ನೆರೆದಿತ್ತು. ಮನೆಗೊಂದರಂತೆ ಜೇನು ರೊಟ್ಟಿ ಬಂದಿತ್ತು. ಈ ಹಬ್ಬದಲ್ಲಿ ಆಳುಗಳಿಗೆ ಮನೆಗೆಲಸಕ್ಕೆ ರಜೆ, ದೇವರ ಸೇವೆ ಮಾತ್ರ ಅವರದೇ, ಹಾಗಾಗಿ ಕ್ರೆಸ್ತೆ ಪೊರಕೆ ಹಿಡಿದು ಗುಡಿಯ ಸುತ್ತ ಗುಡಿಸುತ್ತಿದ್ದಳು. ದಾವೋಸ ಬೆಳಗಾಗುವ ಮುಂಚೆಯೇ ಕುಡಿದು ಕಟ್ಟೆಗೆ ಒರಗಿದ್ದ. ಮೂಲೆಯ ಹೆಂಡದಂಗಡಿಯ ಫಾನ್ನಿಯಾ ಸಾಲಾಗಿ ತೂಗುತ್ತಿದ್ದ ಉಣ್ಣೆಗಳ ಕೆಳಗೆ ಕತ್ತು ಎತ್ತಿ ಓಡಾಡುತ್ತಿದ್ದಳು. ಯಾರ ಮನೆಯಲ್ಲಿ ಯಾರು ಹೆಚ್ಚಾದರು, ಯಾರು ಕಡಿಮೆಯಾದರು ಎಂದು ನೋಡದಿದ್ದರೆ ಅವಳಿಗೆ ಹಬ್ಬವೇ ಅಲ್ಲ.

"ಎಲೆಲೆ, ಹೆಲ್ವಿಯಕ್ಕಾ! ಏನೇ ಇದು? ಇರೋದು ತಾಯಿ ಮಗ ಇಬ್ಬರು, ನಿಮ್ಮನೆ ದಾರದಲ್ಲಿ ಮೂರು ಗೊಂಬೆ! ಡೆಸಿಮಸ್‌ಗೆ ಹೆಣ್ಣು ಗೊತ್ತುಮಾಡ್ಕೊಂಡು ನಮಗೊಂದು ಮಾತೂ ಹೇಳಲಿಲ್ವಲ್ಲೇ?"

"ನನಗೇ ಹೇಳಿಲ್ಲ ಅತ್ತೆ," ಎಂದ ಡೆಸಿಮಸ್, ಬಾಯ್ತುಂಬ ಜೇನು ರೊಟ್ಟಿ ಇಟ್ಟುಕೊಂಡು. "ನೋಡೋಕೆ ಹೇಗಿದಾಳೆ?"

"ಸೊಂಟ ಸ್ವಲ್ಪ ದಪ್ಪ. ತಲೆಗೆ ನೀಲಿ ಬಟ್ಟೆ ಕಟ್ಟಿದಾಳೆ. ಮಾತು ಜಾಸ್ತಿ ಇರೋ ಹಾಗೆ ಕಾಣುತ್ತೆ."

ಜನ ನಕ್ಕರು. ಕ್ರೆಸ್ತೆಯೂ ನಗುತ್ತಾ ನೋಡಲು ಬಂದಳು. ಒಂದು ಕೈಯಲ್ಲಿ ಪೊರಕೆ ಹಿಡಿದು ಇನ್ನೊಂದು ಕೈಯ ಬೆರಳನ್ನು ದಾರದ ಮೇಲೆ ಆಡಿಸಿದಳು. ಬೆರಳು ದಾರದ ತುದಿಗೆ ಹೋಯಿತು. ಮತ್ತೆ ಮೊದಲಿಗೆ ಬಂತು. ಅವಳ ನಗು ಅಲ್ಲೇ ನಿಂತಿತು.

"ಅಮ್ಮಾವ್ರೆ, ನನ್ನ ಉಂಡೆ ಎಲ್ಲಿ?"

ಹೆಲ್ವಿಯಾ ಒಂದು ಹೆಜ್ಜೆ ಮುಂದೆ ಬಂದಳು.

"ದಾವೋಸಂದು ಇದೆ. ನಂದಿಲ್ಲ." ಕ್ರೆಸ್ತೆ ಪೊರಕೆ ಬಿಟ್ಟು ನೆಲಕ್ಕೆ ಮಂಡಿಯೂರಿದಳು. ಆಗಷ್ಟೇ ತಾನೇ ಗುಡಿಸಿ ಒಟ್ಟಿದ ಕಸವನ್ನು ಎರಡೂ ಕೈಯಿಂದ ಕೆದಕಿದಳು. "ಬಿದ್ದುಹೋಯ್ತಾ? ನಾಯಿ ಗೀಯಿ ಎಳ್ಕೊಂಡು ಹೋಯ್ತಾ? ಗಟ್ಟಿಯಾಗಿ ಸುತ್ತಿದ್ದೆ, ನೀವೇ ನೋಡಿದ್ರಲ್ಲ... ರಾತ್ರಿಯೆಲ್ಲ ನಾನು ಲೆಕ್ಕದಲ್ಲೇ ಇರಲಿಲ್ವಾ ಹಾಗಾದ್ರೆ?"

ಹತ್ತಿರ ನಿಂತಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ದೇವರು ಕರೆದವರ ನೆರಳು ತಾಕದಿರಲಿ ಎಂದು ಸರಿಯುವ ಹಾಗೆ. ಹೆಲ್ವಿಯಾ ರಾತ್ರಿಯೇ ಒಂದು ಸುಳ್ಳು ಸಿದ್ಧಮಾಡಿಟ್ಟಿದ್ದಳು. ಯಾರಾದರೂ ಕೇಳಿದರೆ ಹೆಚ್ಚಿನ ಗೊಂಬೆ ಊರಿನಿಂದ ಬರುವ ತಮ್ಮನದು ಎನ್ನುವುದು. ಆದರೆ ಕಸದಲ್ಲಿ ತನ್ನನ್ನೇ ಹುಡುಕುತ್ತಿದ್ದ ಆ ಮುದಿಕೈಗಳ ಎದುರು ಸುಳ್ಳು ನಾಲಿಗೆಗೆ ಬರಲಿಲ್ಲ.

"ಏಳೇ. ಹುಡುಕಬೇಡ. ಆ ಗೊಂಬೆ ನಿಂದೇ."

ಕ್ರೆಸ್ತೆ ಮಂಡಿಯ ಮೇಲೆಯೇ ತಿರುಗಿದಳು.

"ಅಮ್ಮ?" ಎಂದ ಡೆಸಿಮಸ್.

"ನಿಮ್ಮಪ್ಪ ಹೇಳಿದ್ರು. ಬಿಟ್ಬಿಡಿ ಇವಳನ್ನ, ಮಗಳ ಹತ್ರ ಹೋಗಿರಲಿ, ಅಂತ. ಡೆಸಿಮಸ್‌ಗೆ ಹೇಳು ಅಂದ್ರು. ನಾನು ಹೇಳಲಿಲ್ಲ."

"ಯಾವಾಗ ಹೇಳಿದ್ರು?"

"ಜ್ವರ ಬಂದು ಮಲಗಿದಾಗ."

ಡೆಸಿಮಸ್ ಕೈಯಲ್ಲಿದ್ದ ರೊಟ್ಟಿಯನ್ನು ಕಟ್ಟೆಯ ಮೇಲಿಟ್ಟ. ತಾಯಿಯ ಮುಖವನ್ನು ಒಂದು ಗಳಿಗೆ ನೋಡಿದ. ಅವನು ಬೈಯುವ ಜಾತಿಯಲ್ಲ. ಬೈದಿದ್ದರೆ ಹೆಲ್ವಿಯಾಗೆ ಸುಲಭವಾಗುತ್ತಿತ್ತು. ಕೈ ಒರೆಸಿಕೊಂಡು ಹೋಗಿ ಕ್ರೆಸ್ತೆಯ ರಟ್ಟೆ ಹಿಡಿದು ಎತ್ತಿದ. "ಫಾನ್ನಿಯಾ ಅತ್ತೆ, ನೀವೆಲ್ಲ ಇಲ್ಲೇ ಇದೀರಿ, ಕೇಳಿಸ್ಕೊಳ್ಳಿ. ಇವತ್ತಿಂದ ಕ್ರೆಸ್ತೆ ಯಾರ ಆಳೂ ಅಲ್ಲ. ಹಬ್ಬ ಕಳೆದ ಮೇಲೆ ಅಧಿಕಾರಿ ಮುಂದೆ ನಿಂತು ಇನ್ನೊಂದ್ಸಲ ಹೇಳ್ತೀನಿ."

ಓಣಿ ಹೋ ಎಂದಿತು. ಯಾರೋ ಕೊಳಲು ಊದಿದರು. ಫಾನ್ನಿಯಾ ಕೂಗಿದಳು. "ಕೆಟ್ಟೆ ಕಣೇ ಕ್ರೆಸ್ತೆ! ಇವತ್ತು ಆಳುಗಳಿಗೆಲ್ಲ ರಜೆ, ನಿನಗೊಬ್ಬಳಿಗೆ ಇಲ್ಲ!"

ಕ್ರೆಸ್ತೆಗೆ ಅದು ಕೇಳಿಸಿತೋ ಇಲ್ಲವೋ. "ಜ್ವರ ಬಂದಾಗ," ಎಂದಳು ಮೆಲ್ಲಗೆ. "ಅಂದ್ರೆ ಈ ಬೇಸಿಗೆಗೆ, ಹಿಲಾರಾ ಹೆರಿಗೆಗೆ ಮುಂಚೆ." ಆಮೇಲೆ ಬಗ್ಗಿ ಪೊರಕೆ ಎತ್ತಿಕೊಂಡು, ಕೆದರಿದ ಕಸವನ್ನು ಮತ್ತೆ ಒಟ್ಟುಮಾಡಿದಳು.

ಮಧ್ಯಾಹ್ನ ಹೆಲ್ವಿಯಾ ಅಂಗಳಕ್ಕೆ ಬಂದಾಗ ಕ್ರೆಸ್ತೆ ಬಿಸಿಲಿನಲ್ಲಿ ಕೂತಿದ್ದಳು. ನೂಲಿನ ಪೆಟ್ಟಿಗೆ ಪಕ್ಕದಲ್ಲಿ ತೆರೆದಿತ್ತು. ಉಂಡೆ ಅವಳ ಮಡಿಲಲ್ಲಿ ಉರುಳುತ್ತಾ ಸಣ್ಣದಾಗುತ್ತಿತ್ತು.

"ಏನ್ ಮಾಡ್ತಿದೀಯೆ?"

"ಬಿಚ್ತಿದೀನಿ. ಒಳ್ಳೆ ಉಣ್ಣೆ. ಹಿಲಾರಾಗೆ ಏನಾದ್ರೂ ಆಗುತ್ತೆ."

"ಯಾವಾಗ... ಹೋಗ್ತೀಯ?"

"ದೋಣಿ ಸಿಕ್ಕಾಗ." ಎಳೆ ಸಿಕ್ಕಾಯಿತು, ಹಲ್ಲಿನಿಂದ ಬಿಡಿಸಿದಳು. "ಮಂಡಿಗೆ ಎಣ್ಣೆ ಕಾಯಿಸೋದನ್ನ ದಾವೋಸನಿಗೆ ತೋರಿಸಿಕೊಡ್ತೀನಿ. ಅವನು ಸುಟ್ಟುಬಿಡ್ತಾನೆ, ನೀವು ನೋಡ್ಕೋಬೇಕು."

ಹೆಲ್ವಿಯಾ ಅವಳ ಪಕ್ಕದಲ್ಲಿ ಕೂರಲು ಹೋದಳು. ಯಾಕೋ ಕೂರಲಾಗಲಿಲ್ಲ. ಒಳಗೆ ಹೋದಳು.

ಸಂಜೆ ಹಬ್ಬದಡುಗೆ. ಹಂದಿಮಾಂಸ, ಎಲೆಕೋಸು, ಅವರೆಯ ಗಟ್ಟಿ ಅಂಬಲಿ. ದಾವೋಸನನ್ನೂ ಎಬ್ಬಿಸಿ ಮೇಜಿನ ಮೂಲೆಯಲ್ಲಿ ಕೂರಿಸಿದ್ದಾಯಿತು. ಡೆಸಿಮಸ್ ತನ್ನ ಪಕ್ಕದ ಜಾಗವನ್ನು ಕ್ರೆಸ್ತೆಗೆ ಬಿಟ್ಟ. ಅವಳು ಕೂತು, ಅಭ್ಯಾಸವಿಲ್ಲದ್ದಕ್ಕೆ ಕೈ ಎಲ್ಲಿಡುವುದೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡಳು. ದೇವರ ಪಾಲಿನ ಸಣ್ಣ ಬಟ್ಟಲು ಮೇಜಿನ ನಡುವೆ ಇತ್ತು. ಯಾರೂ ಮುಟ್ಟಲಿಲ್ಲ.

"ನಾನೇ ಹಾಕ್ತೀನಿ," ಎಂದು ಹೆಲ್ವಿಯಾ ಎದ್ದಳು.

"ಬೇಡ, ಕೊಡಿ." ಕ್ರೆಸ್ತೆ ಅವಳಿಗಿಂತ ಮೊದಲೇ ಬಟ್ಟಲು ತೆಗೆದುಕೊಂಡಳು. ಒಲೆಯ ಹತ್ತಿರ ಹೋಗಿ ನಿಂತು, ಗೂಡಿನ ಕಡೆ ನೋಡಿದಳು. "ಯಜಮಾನ್ರು ಹೇಳಿದ್ದು ಇಲ್ಲೇನಾ? ಇವನ ಮುಂದೆ?"

"ಹೂಂ."

"ನಾನು ದಿನಾ ಇಲ್ಲೇ ನಿಂತು ಹೇಳ್ತಿದ್ದೆ, ದೇವರು ಪ್ರಸನ್ನರಾಗಿದ್ದಾರೆ ಅಂತ."

"ಹೂಂ ಕಣೇ."

ಕ್ರೆಸ್ತೆ ಬಟ್ಟಲನ್ನು ಬಗ್ಗಿಸಿದಳು. ಕೊಬ್ಬು ಕೆಂಡಕ್ಕೆ ಬಿದ್ದು ಚುಂಯ್ ಎಂದಿತು. ಉರಿ ಒಮ್ಮೆ ಎದ್ದು, ಕುಣಿಯುವ ಹುಡುಗನ ಕಪ್ಪು ಮುಖ ಬೆಳಗಿ, ತಗ್ಗಿತು. ಪಾಲು ಪೂರ್ತಿ ಉರಿದು ಕರಿಯಾಯಿತು. ಕ್ರೆಸ್ತೆ ಕೈ ಒರೆಸಿಕೊಂಡು ಮೇಜಿನ ಕಡೆ ತಿರುಗಿ ನಿಂತಳು. ಡೆಸಿಮಸ್‌ನ ಕೈ ರೊಟ್ಟಿಯ ಮೇಲೆ ಹಾಗೇ ನಿಂತಿತ್ತು. ದಾವೋಸ ಎಂಜಲು ನುಂಗಿದ. ಹೆಲ್ವಿಯಾ ತನ್ನ ತಟ್ಟೆಯನ್ನು ನೋಡುತ್ತಾ ಕಾದಳು. ತಟ್ಟೆಯ ಪಕ್ಕದಲ್ಲಿ, ಎಂದಿನಂತೆ, ಹಾಲಿನಲ್ಲಿ ನೆನೆಸಿದ ರೊಟ್ಟಿ ಇತ್ತು. ಒಲೆಯ ಬಳಿಯಿಂದ ಇನ್ನೂ ಆ ಮಾತು ಬರಲಿಲ್ಲ. ಬಿಸಿ ಆರುತ್ತಿದ್ದ ಅಂಬಲಿಯ ಮೇಲೆ, ಅಂಚಿನಿಂದ ನಡುವಿಗೆ, ನಿಧಾನವಾಗಿ ಕೆನೆ ಕಟ್ಟತೊಡಗಿತು.