ಇಲಿ ದೊಡ್ಡಪ್ಪನ ಕೈತುತ್ತು

ನಮ್ಮ ಪ್ರಯೋಗಾಲಯದ ಇಲಿಗಳನ್ನು ನೋಡಿಕೊಳ್ಳುವವರನ್ನು ಎಲ್ಲರೂ ಇಲಿ ದೊಡ್ಡಪ್ಪ ಎನ್ನುತ್ತೇವೆ. ಮುಖದೆದುರೇ ಹಾಗೆ ಕರೆದರೂ ಅವರಿಗೆ ಬೇಸರವಿಲ್ಲ, ಹೆಮ್ಮೆ. ಪಂಜರ ತೊಳೆಯುವಾಗ ಒಂದೊಂದು ಇಲಿಯನ್ನೂ ವಿಚಾರಿಸಿಕೊಳ್ಳುತ್ತಾರೆ. ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೆ ಅವರ ಮೇಲೆ ಅದನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳಲು ನನ್ನಿಂದ ಆಗದು.

ಐದು ವರ್ಷದಿಂದ ನಾನು ಬೆನ್ನು ಹತ್ತಿದ್ದು ಒಂದೇ ಪ್ರಶ್ನೆಯನ್ನು. ಮಿದುಳಿಗೆ ರಕ್ತ ನಿಂತಾಗ ಸಾಯಬೇಕಾದ ಜೀವಕೋಶಗಳನ್ನು ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನು ಹೇಗೆ ಉಳಿಸುತ್ತದೆ? ಜೀವಕೋಶದಲ್ಲಿ ಅದಕ್ಕೆಂದೇ ಗ್ರಾಹಕಗಳಿವೆ, ಹಾಕಿಟ್ಟ ಮಣೆಗಳ ಹಾಗೆ. ಈಸ್ಟ್ರೋಜೆನ್ ಬಂದು ಅಲ್ಲಿ ಕೂತರೆ ಜೀವಕೋಶ ಕಷ್ಟಕ್ಕೆ ಮೊದಲೇ ಸಜ್ಜಾಗುತ್ತದೆ ಎಂಬುದು ನನ್ನ ವಾದ. ಮೈಯಲ್ಲೇ ಈಸ್ಟ್ರೋಜೆನ್ ಹುಟ್ಟದಂತೆ ಹೆಣ್ಣಿಲಿಗಳ ಅಂಡಾಶಯ ತೆಗೆದು, ಅರ್ಧದಷ್ಟಕ್ಕೆ ಈಸ್ಟ್ರೋಜೆನ್ ಕೊಟ್ಟು, ಉಳಿದವಕ್ಕೆ ಕೊಡದೆ, ಎರಡು ವಾರದ ಮೇಲೆ ಮಿದುಳಿನ ಒಂದು ರಕ್ತನಾಳವನ್ನು ಸ್ವಲ್ಪ ಹೊತ್ತು ಮುಚ್ಚಿದೆ. ಕೊಡದವುಗಳ ಮಿದುಳಿನಲ್ಲಿ ಗಾಯ ದೊಡ್ಡದಿರಬೇಕಿತ್ತು. ನೋಡಿದರೆ ಎರಡೂ ಗುಂಪಿನಲ್ಲಿ ಒಂದೇ ಸಮ, ಚಿಕ್ಕದು.

ನನ್ನ ಮಾರ್ಗದರ್ಶಕಿ ಮೇಡಂ ಮಿದುಳಿನ ಹೋಳುಗಳ ಚಿತ್ರಗಳನ್ನು ಎರಡು ಸಲ ನೋಡಿ, ತಿಂಗಳ ಕೊನೆಗೆ ಇದನ್ನು ನಿಲ್ಲಿಸಿಬಿಡು ಎಂದರು. ಐದು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಅಳು ನುಂಗಿಕೊಂಡು ಇಲಿಗಳ ಕೋಣೆಗೆ ಹೋದೆ. ದೊಡ್ಡಪ್ಪ ಆಗಷ್ಟೇ ಹೊಲಿಗೆ ಹಾಕಿಸಿಕೊಂಡು ಮೇವು ಮುಟ್ಟದಿದ್ದ ಒಂದು ಇಲಿಯನ್ನು ಅಂಗೈಯಲ್ಲಿ ಕೂರಿಸಿಕೊಂಡು, ಬೆಂದ ಕಾಳು ಹಿಸುಕಿ ತಿನ್ನಿಸುತ್ತಿದ್ದರು. ಪಕ್ಕದ ಡಬ್ಬಿಯಲ್ಲಿ ಇಣುಕಿದೆ. ಸೋಯಾ.

ಸೋಯಾದಲ್ಲಿ ಈಸ್ಟ್ರೋಜೆನ್ನನ್ನು ಹೋಲುವ ಅಂಶವಿದೆ, ಅದೂ ಅದೇ ಮಣೆಯ ಮೇಲೆ ಕೂರುತ್ತದೆ. ಸೋಯಾ ಇಲ್ಲದ ಮೇವನ್ನು ನಾವು ಹುಡುಕಿ ತರಿಸುವುದೇ ಅದಕ್ಕೆ. ನನ್ನ ಇಲಿಗಳಿಗೂ ಕೊಟ್ಟಿರಾ ಎಂದು ಕೇಳಿದೆ. ಎರಡು ವಾರವೂ, ಎಲ್ಲವಕ್ಕೂ ಕೊಟ್ಟಿದ್ದರು. ಈಸ್ಟ್ರೋಜೆನ್ ಕೊಡದವುಗಳ ಮಣೆಯೂ ಖಾಲಿ ಇರಲಿಲ್ಲ.

"ಮೇವು ಬದಲಾಯಿಸಬೇಡಿ ಅಂತ ನೀನು ಅಂದಿದ್ದೆ, ನಾನು ಬದಲಾಯಿಸ್ಲಿಲ್ಲ ಮಗಳೇ. ಇದು ಮೇವಲ್ಲ, ಕೈತುತ್ತು," ಎಂದರು.

ನಾನು ಕೂಗಾಡಿದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಮಿದುಳಿಗೆ ರಕ್ತ ನಿಂತು ಪಾರ್ಶ್ವವಾಯು ಬಡಿದ ಮೇಲೆ ಅವರ ಹೆಂಡತಿ ಇವರ ಕೈತುತ್ತು ಬಿಟ್ಟು ಬೇರೇನೂ ತಿನ್ನುತ್ತಿರಲಿಲ್ಲವಂತೆ, ಮೂರು ತಿಂಗಳಿಗೆ ಹೋಗಿಬಿಟ್ಟರಂತೆ. ಅಂದಿನಿಂದ ಊಟಕ್ಕೆ ಮುಖ ತಿರುಗಿಸಿದ ಜೀವ ಕಂಡರೆ ತಡೆದುಕೊಳ್ಳಲು ಆಗುವುದಿಲ್ಲ ಎಂದರು. ನನ್ನ ಕೋಪ ಅಲ್ಲೇ ಇಳಿಯಿತು. ನಾನು ತಡೆಯುವ ಮೊದಲೇ ಕೈ ತೊಳೆದುಕೊಂಡು ಮೇಡಂ ಕೋಣೆಗೆ ಹೋಗಿ ಎಲ್ಲ ಒಪ್ಪಿಕೊಂಡರು. ಅವರಿಗೆ ಚೆನ್ನಾಗಿ ಮಂಗಳಾರತಿಯಾಯಿತು. ನನಗೆ ಇನ್ನೊಂದು ಅವಕಾಶ ಸಿಕ್ಕಿತು, ಅದೇ ಕೊನೆಯದು.

ಹೊಸ ಇಲಿಗಳೊಂದಿಗೆ ಮತ್ತೆ ಮೊದಲಿನಿಂದ ಶುರುಮಾಡಿದೆ. ಆ ಎರಡು ವಾರ ದೊಡ್ಡಪ್ಪ ಎರಡೂ ಕೈ ಜೇಬಿನೊಳಗಿಟ್ಟುಕೊಂಡೇ ಪಂಜರಗಳ ಮುಂದೆ ಕೂತಿರುತ್ತಿದ್ದರು. ನೀವೇ ತಿನ್ನಬೇಕು ಕಣ್ರಮ್ಮ ಎಂದು ಇಲಿಗಳನ್ನು ಬೇಡಿಕೊಳ್ಳುತ್ತಿದ್ದರು. ಮೂರನೆಯ ದಿನಕ್ಕೆ ಎಲ್ಲವೂ ತಿಂದವು.

ಈ ಸಲ ಈಸ್ಟ್ರೋಜೆನ್ ಇಲ್ಲದವುಗಳ ಮಿದುಳಿನಲ್ಲಿ ಗಾಯ ದೊಡ್ಡದಾಗಿತ್ತು, ಬಣ್ಣ ಹಾಕಿದ ಕೆಂಪು ಹೋಳಿನಲ್ಲಿ ಅರ್ಧಕ್ಕರ್ಧ ಸತ್ತ ಬಿಳಿ ಭಾಗ. ಈಸ್ಟ್ರೋಜೆನ್ ಪಡೆದವುಗಳಲ್ಲಿ ಸಾಸಿವೆ ಕಾಳಿನಷ್ಟೇ ಇತ್ತು. ಚಿತ್ರ ಹಿಡಿದು ನೆಲಕ್ಕೆ ಕಾಲು ತಾಗದಂತೆ ದೊಡ್ಡಪ್ಪನ ಬಳಿ ಓಡಿದೆ.

ಅವರು ಆ ಬಿಳಿ ಭಾಗದ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದರು.

"ಅವಳಿಗೂ ಇಷ್ಟೇ ದೊಡ್ಡದಾಗಿತ್ತೇನೋ. ಮೊದಲೇ ಆ ಕಾಳು ತಿನ್ನಿಸಿದ್ರೆ ಉಳೀತಿದ್ಲಾ?"

ಹೌದು ಎಂದರೆ ಜೀವಮಾನವಿಡೀ ಕೊರಗುತ್ತಾರೆ. ಇಲ್ಲ ಎಂದರೆ ನೆಮ್ಮದಿ, ಆದರೆ ಅದು ನನಗೆ ಗೊತ್ತಿಲ್ಲದ ಮಾತು. ಇಷ್ಟು ಪ್ರೀತಿಯ ಮನುಷ್ಯನಿಗೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

"ಗೊತ್ತಿಲ್ಲ ದೊಡ್ಡಪ್ಪ. ಇಲಿಯಲ್ಲಿ ಕಂಡಿದ್ದು ಮನುಷ್ಯರಲ್ಲೂ ಹಾಗೇ ಅಂತ ಹೇಳೋಕಾಗಲ್ಲ."

ಅವರು ಕಣ್ಣೊರೆಸಿಕೊಂಡು ಚಿತ್ರವನ್ನು ನನ್ನ ಕೈಗೆ ವಾಪಸ್ಸು ಕೊಟ್ಟರು.

"ಹಾಗಿದ್ರೆ ಈಗಲೇ ಯಾಕೆ ಕುಣೀತಿದ್ದೀಯಾ? ಹೋಗು, ಗೊತ್ತು ಮಾಡ್ಕೊಂಡು ಬಾ."